ಚಿಟಿಕೆ ತುಕ್ಕು, ಚಿಟಿಕೆ ಹಿಟ್ಟು

ನನ್ನ ಮೇಜಿನ ಮೇಲೆ ಎರಡು ಪುಟ್ಟ ಗಾಜಿನ ಶೀಶೆಗಳಿವೆ. ಬಂದವರು ಎತ್ತಿ ನೋಡದೆ ಬಿಡುವುದಿಲ್ಲ. ಮೊನ್ನೆ ಬೈಲಹೊಂಗಲದಿಂದ ಬಂದ ಬೀಗರು ಒಂದರ ಮುಚ್ಚಳ ತೆಗೆದು ಮೂಸಿ, "ಕೆಮ್ಮಿನ ಔಷಧ ಏನ್ರಿ ಮಾಸ್ತರ? ಭಾಳ ಘಾಟ ಐತಿ" ಎಂದರು. ನಾನು ಕಸಿದುಕೊಳ್ಳದಿದ್ದರೆ ಒಂದು ಚಮಚ ಕುಡಿದೇ ಬಿಡುತ್ತಿದ್ದರೋ ಏನೋ. ಅದು ನೆಲದಾಳದಿಂದ ತೆಗೆದ ಕಚ್ಚಾ ಎಣ್ಣೆ.

ನೀವೂ ಒಮ್ಮೆ ಓರೆ ಮಾಡಿ ನೋಡಿ. ಮೊದಲನೆಯ ಶೀಶೆಯದು ಜಪ್ಪಯ್ಯ ಅಂದರೂ ಅಲುಗಾಡದು, ರಸ್ತೆಯ ಡಾಂಬರಿನ ಹಾಗೆ ತಳ ಹಿಡಿದು ಕೂತಿದೆ. ಎರಡನೆಯದರಲ್ಲಿರುವುದೂ ಅದೇ ಎಣ್ಣೆ, ಆದರೆ ಓರೆ ಮಾಡಿದತ್ತ ಸಲೀಸಾಗಿ ಹರಿಯುತ್ತದೆ. ಇವನ್ನು ತಂದಿಟ್ಟವಳು ನನ್ನ ಮಗಳು ಪಾರ್ವತಿ. ಇಂಥ ಹಟಮಾರಿ ಎಣ್ಣೆಯನ್ನು ತೆಳ್ಳಗೆ ಮಾಡುವ ಪ್ರಯೋಗಶಾಲೆಯಲ್ಲಿ ಅವಳಿಗೆ ಕೆಲಸ.

"ಕಾಸಿದ್ರ ಆತಲ್ಲ?" ಎಂದಿದ್ದೆ. ಇತಿಹಾಸ ಕಲಿಸಿದ ಮಾಸ್ತರ ನಾನು. ಕಿತ್ತೂರಿನ ಕೋಟೆಯ ಬಗ್ಗೆ ಕೇಳಿದರೆ ಸಂಜೆಯ ತನಕ ಹೇಳಿಯೇನು, ವಿಜ್ಞಾನವೆಂದರೆ ನನ್ನದು ಇಷ್ಟೇ.

"ಕಾಸಿದ್ರ ತೆಳ್ಳಗ ಆಗತೈತಿ ಅಪ್ಪಾ, ಖರೆ. ಆರಿದ ಮ್ಯಾಲ ಮತ್ತ ಗಟ್ಟಿ. ಪೈಪಿನಾಗ ಅರ್ಧ ದಾರ್ಯಾಗ ನಿಂತಬಿಟ್ರ?"

ಅದಕ್ಕೇ ಅವಳು ಬೆರೆಸುವುದು ಲೋಹದ ಆಕ್ಸೈಡಿನ ಪುಡಿ. ಹೆಸರು ದೊಡ್ಡದು; ಈ ಎರಡನೆಯ ಶೀಶೆಯ ಎಣ್ಣೆಗೆ ಹಾಕಿದ್ದು ಕಬ್ಬಿಣದ್ದು, ಅಂದರೆ ನಮ್ಮ ಕುಡುಗೋಲಿಗೆ ಹಿಡಿಯುವ ತುಕ್ಕಿನ ಜಾತಿಯದೇ. ಚಿಟಿಕೆ ಪುಡಿ ಹಾಕಿ, ನೀರು ಕೂಡಿಸಿ, ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಜೋರಾಗಿ ಕಾಸಿದರೆ ಎಣ್ಣೆಯ ದೊಡ್ಡ ಅಣುಗಳು ಒಡೆದು ಸಣ್ಣವಾಗುತ್ತವಂತೆ. ಆಮೇಲೆ ಆರಿದರೂ ಮೊದಲಿನಂತೆ ಗಟ್ಟಿಯಾಗುವುದಿಲ್ಲ. ಪುಡಿ ಮಾತ್ರ ಖರ್ಚಾಗದೆ ಉಳಿಯುತ್ತದೆ. ಚಿಟಿಕೆ ತುಕ್ಕು ಅಷ್ಟು ಎಣ್ಣೆಯ ಸೊಕ್ಕು ಮುರಿಯುತ್ತದೆಯೇ ಎಂದು ಬೆರಗಾಗಿ ಕೂತವನಿಗೆ ಯಾಕೋ ನಮ್ಮ ಮನೆಯ ಅಂಬಲಿ ನೆನಪಾಯಿತು.

ಸಂಪಗಾಂವದ ಈ ಮನೆಯಲ್ಲಿ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಅಡಿಗೆಮನೆಯ ಯಜಮಾನಿ. ಎಂಜಲು ಅಂದರೆ ಆಕೆಗೆ ಮೈಮೇಲೆ ಕೆಂಡ ಬಿದ್ದಂತೆ. ಎಂಜಲನ್ನು ಪತ್ತೆ ಹಚ್ಚಲು ಆಕೆಗೊಂದು ಗುರುತು ಗೊತ್ತಿತ್ತು: ನೆಕ್ಕಿದ ಸೌಟನ್ನು ಮತ್ತೆ ಅದ್ದಿದರೆ ದಪ್ಪನೆಯ ಅಂಬಲಿ ನೀರಾಗುತ್ತದೆ. ಸುಳ್ಳಲ್ಲ, ನಾನೇ ಹಾಗೆ ಸಿಕ್ಕಿಬಿದ್ದು ಬೆನ್ನಿಗೆ ಗುದ್ದು ತಿಂದಿದ್ದೇನೆ.

ನಾನು ಸಣ್ಣವನಿದ್ದಾಗ ಒಂದು ವರ್ಷ ಮುಂಗಾರಿ ಜೋಳ ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕಿತು. ಆ ವರ್ಷ ನನ್ನ ಅವ್ವ ಮಾಡಿದ ಅಂಬಲಿ ದಿನಾ ತೆಳ್ಳಗಾಗತೊಡಗಿತು. "ನೀಲವ್ವಾ, ಸೌಟ ನೆಕ್ಕತೀಯೇನ?" ಎಂದು ದೊಡ್ಡವ್ವ ಓಣಿಯ ಹೆಂಗಸರ ಎದುರಿಗೇ ಕೇಳಿದಳು. ಇಲ್ಲವೆಂದರೆ ನಂಬುವವರು ಯಾರು? ಅಂದಿನಿಂದ ಅವ್ವ ಅಂಬಲಿ ಮಾಡಲಿಲ್ಲ, ಬಾಯಿಗೂ ಹಾಕಲಿಲ್ಲ. ಒಂದೇ ಸೂರಿನ ಕೆಳಗೆ ಓರಗಿತ್ತಿಯರಿಬ್ಬರೂ ಬೇಕಾದಷ್ಟೇ ಮಾತಾಡಿ ಮುದುಕಿಯರಾದರು.

ಹೋದ ವರ್ಷ ದೊಡ್ಡವ್ವ ಕಟ್ಟೆಯಿಂದ ಜಾರಿ ಬಿದ್ದು ದವಡೆ ಮುರಿದುಕೊಂಡಳು. ಈ ವಯಸ್ಸಿನಲ್ಲೂ ಹಲ್ಲು ಗಟ್ಟಿ. ಡಾಕ್ಟರು ಮೇಲಿನವನ್ನೂ ಕೆಳಗಿನವನ್ನೂ ಕೂಡಿಸಿ ತಂತಿ ಬಿಗಿದರು. ತಂತಿ ಬಾಯಿಗೆ ಬಿತ್ತೇ ಹೊರತು ಬೈಗುಳಕ್ಕೆ ಬೀಳಲಿಲ್ಲ ಅನ್ನಿ. ಆದರೆ ಊಟ? ಎಳನೀರು ಕುಡಿಯುವ ನಳಿಗೆಯಲ್ಲೇ ಎಲ್ಲ ಹೋಗಬೇಕು. ದಪ್ಪ ಅಂಬಲಿ ಅದರಲ್ಲಿ ಏರದು. ನೀರು ಬೆರೆಸಿದರೆ ಹೊಟ್ಟೆ ತುಂಬುವುದು ನೀರಿನಿಂದಲೇ. ದಿನದಿಂದ ದಿನಕ್ಕೆ ಆಕೆ ಕರಗುತ್ತ ಬಂದಳು. ಬೈಗುಳವೂ ನಿಂತಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ರಜೆಗೆ ಬಂದಿದ್ದ ಪಾರ್ವತಿ, "ಇದು ನಮ್ಮ ಎಣ್ಣಿ ಪೈಪಿನ ಕಥೀನ ಅಪ್ಪಾ" ಎಂದಳು. ನಾನು ದೊಡ್ಡವ್ವನ ಎಂಜಲಿನ ಗುರುತು ಹೇಳಿದೊಡನೆ ಅವಳ ಕಣ್ಣು ಅರಳಿದವು. "ಎಂಜಲದಾಗ ಇರೂ ಹಂಗ ಮೊಳತ ಕಾಳಿನಾಗೂ ಹಿಟ್ಟಿನ ಜಿಗಿ ಒಡ್ಯೂ ವಸ್ತು ಐತಿ." ಜೋಳ ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉಜ್ಜಿ ತೆಗೆದು ಹಿಟ್ಟು ಮಾಡಿದಳು. ಅಷ್ಟು ವರ್ಷದ ಮೇಲೆ ಅವ್ವ ಅಂಬಲಿ ಕುದಿಸಿದಳು, ದಪ್ಪಗೆ. ಇಳಿಸಿ, ತುಸು ಆರಿದ ಮೇಲೆ ಪಾರ್ವತಿ ಚಿಟಿಕೆ ಹಿಟ್ಟು ಹಾಕಿ ತಿರುವಿದಳು. ಹನಿ ನೀರು ಬೆರೆಸದೆ ಅದು ತೆಳ್ಳಗಾಯಿತು! ಮತ್ತೊಂದು ಕುದಿ ಕೊಟ್ಟು ಅವ್ವನೇ ಲೋಟ ಒಯ್ದಳು.

ದೊಡ್ಡವ್ವ ಒಂದು ಗುಟುಕು ಎಳೆದವಳೇ ನಿಲ್ಲಿಸಿದಳು. "ಯಾರ ಎಂಜಲ ಮಾಡೀರಿ ಇದನ್ನ?" ಕಚ್ಚಿದ ಹಲ್ಲಿನೊಳಗಿಂದ ಮಾತು ಬಂತು. ಕಣ್ಣು ನೆಟ್ಟಗೆ ಅವ್ವನ ಮೇಲೆ ಹೋಯಿತು. ಅವ್ವನ ಮುಖ ಸಣ್ಣದಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ಸಾಯಲು ಬಿದ್ದಾಗಲೂ ಇದೇ ಮಾತೇ?

ಪಾರ್ವತಿ ಇನ್ನೊಂದು ಬೋಗುಣಿ ದಪ್ಪ ಅಂಬಲಿಯನ್ನು ಹಾಸಿಗೆಯ ಪಕ್ಕಕ್ಕೇ ತಂದಳು. ಚಮಚ ಅದರಲ್ಲಿ ನೆಟ್ಟಗೆ ನಿಂತಿತ್ತು. "ಅಜ್ಜಿ, ನೋಡ್ರಿ. ಇದು ಮೊಳತ ಜ್ವಾಳದ ಹಿಟ್ಟ. ಯಾರೂ ಬಾಯಿ ಹಚ್ಚಿಲ್ಲ." ಹಾಕಿ ತಿರುವಿ ಕೈಬಿಟ್ಟಳು. ಸ್ವಲ್ಪ ಹೊತ್ತಿಗೆ ಚಮಚ ಮೆಲ್ಲಗೆ ವಾಲಿ ಬೋಗುಣಿಯ ಅಂಚಿಗೆ ಒರಗಿತು.

ದೊಡ್ಡವ್ವ ಮಲಗಿದಲ್ಲಿಂದಲೇ ಅದನ್ನು ನೋಡಿ ಅವ್ವನತ್ತ ತಿರುಗಿದಳು.

"ನೀಲವ್ವಾ, ಆ ವರ್ಸ ಜ್ವಾಳ ಮಳಿಗೆ ಸಿಕ್ಕಿತ್ತಲ್ಲ?"

"ಸಿಕ್ಕಿತ್ರಿ ಅಕ್ಕಾರ."

"ತೆನ್ಯಾಗ ಮೊಳಕಿ ಬಂದಿತ್ತಲ್ಲ?"

"ಬಂದಿತ್ರಿ."

ದೊಡ್ಡವ್ವ ಲೋಟವನ್ನು ಅವ್ವನ ಕಡೆ ಸರಿಸಿದಳು. "ಮೊದಲ ನೀ ಕುಡಿ."

"ನಾ ಕುಡದ್ರ ಎಂಜಲ ಆಗತೈತ್ರಿ."

"ಅದಕ್ಕ ಹೇಳಿದ್ನಿ. ಕುಡಿ."

ಅವ್ವ ಕುಡಿದಳು. ಅದೇ ನಳಿಗೆಯಿಂದ ದೊಡ್ಡವ್ವ ಉಳಿದದ್ದನ್ನೆಲ್ಲ ಎಳೆದಳು. ನೀರು ತರುವ ನೆಪದಲ್ಲಿ ನಾನು ಹಿತ್ತಲಿಗೆ ಹೋಗಿ ಅತ್ತೆ. ಮುಚ್ಚಿಡುವುದೇನು ಬಂತು?

ತಂತಿ ಬಿಚ್ಚಿ ಬಹಳ ದಿನವಾಯಿತು. ಇವತ್ತು ಬೆಳಗಿನ ಚಳಿಗೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದೆ. ಎರಡನೆಯ ಶೀಶೆ ಏನಾಯಿತೋ ಎಂದು ಎತ್ತಿ ಓರೆ ಮಾಡಿದೆ, ಹರಿಯುತ್ತಲೇ ಇದೆ. ಒಳಗಿನಿಂದ ದೊಡ್ಡವ್ವನ ದನಿ ಬಂತು: "ನೀಲವ್ವಾ, ಚಾ ಆರಾಕ ಹತ್ತೈತಿ. ನಿನ್ನ ಅರ್ಧ ಕುಡದು ಕಪ್ಪ ಇತ್ತ ಕೊಡ."