ದೊಣೆಬೆಟ್ಟದ ಹಟ್ಟಿಯಲ್ಲಿ ಮೂವತ್ತು ದಿನ

ಬಸ್ಸು ದೊಣೆಬೆಟ್ಟದ ಗೇಟಿನಲ್ಲಿ ನಿಂತಾಗ ಅರಳಿಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು. ಕ್ಯಾತಣ್ಣ ಚೀಲ ಹಿಡಿದು ಇಳಿದ. ಅವರ ಮಾತು ನಿಂತಿತು. ಅವರಲ್ಲಿ ಇಬ್ಬರು ಅವನ ಜೊತೆ ಕುರಿ ಕಾಯ್ದವರು, ಒಬ್ಬ ಅವನ ಮದುವೆಗೆ ಚಪ್ಪರ ಹಾಕಿದವನು. ಯಾರೂ ಬಂದೆಯಾ ಎನ್ನಲಿಲ್ಲ. ಬಸ್ಸು ಧೂಳೆಬ್ಬಿಸಿಕೊಂಡು ಪಾವಗಡದ ಕಡೆ ಹೊರಟುಹೋಯಿತು.

ಸ್ವಲ್ಪ ದೂರದ ಹುಣಸೆಮರದ ಕೆಳಗೆ ಅವನ ಅಕ್ಕ ಕರಿಯಕ್ಕ ನಿಂತಿದ್ದಳು. ಅವಳು ಹತ್ತಿರ ಬಂದು ತಮ್ಮನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಚೀಲವನ್ನಷ್ಟೇ ಕಿತ್ತುಕೊಂಡಳು.

"ಮಾತಾಡ್ದೆ ನನ್ ಹಿಂದೆ ಬಾ. ನಡುಬೀದಿ ಬ್ಯಾಡ, ಕಣದ ದಾರಿ ಹಿಡಿಯನ."

ನಡುಬೀದಿಯಲ್ಲಿ ದಾಸಮ್ಮನ ಮನೆಯಿತ್ತು. ಒಂಬತ್ತು ವರ್ಷದ ಹಿಂದೆ ಕ್ಯಾತಣ್ಣ ಹೊಡೆದು ಸಾಯಿಸಿದ್ದು ಅವಳ ಗಂಡ ಚಿಕ್ಕರಂಗಯ್ಯನನ್ನು.

ಅದು ಒಂದು ಶ್ರಾವಣದ ಮಧ್ಯಾಹ್ನ ನಡೆದದ್ದು. ಕ್ಯಾತಣ್ಣನ ಕುರಿಗಳು ಬೆಟ್ಟದ ಬುಡದಲ್ಲಿದ್ದ ಚಿಕ್ಕರಂಗಯ್ಯನ ಕಡ್ಲೆಕಾಯಿ ಹೊಲಕ್ಕೆ ನುಗ್ಗಿದವು. ಚಿಕ್ಕರಂಗಯ್ಯ ಬೈದ, ಕ್ಯಾತಣ್ಣ ತಿರುಗಿ ಬೈದ. ಕ್ಯಾತಣ್ಣನ ಸತ್ತುಹೋಗಿದ್ದ ತಂದೆಯ ಹೆಸರು ಚಿಕ್ಕರಂಗಯ್ಯನ ಬಾಯಿಗೆ ಬಂದಾಗ ಕ್ಯಾತಣ್ಣನ ಕೈಯ ಕೋಲು ಎದ್ದಿತು. ಒಂದೇ ಏಟು. ಚಿಕ್ಕರಂಗಯ್ಯ ಹಿಂದಕ್ಕೆ ಬಿದ್ದು ಬಂಡೆಗೆ ತಲೆ ಬಡಿಸಿಕೊಂಡ. ಮಧುಗಿರಿಯ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ಹೋಗಿತ್ತು. ಇದನ್ನು ಕಣ್ಣಾರೆ ಕಂಡವನು ಒಬ್ಬನೇ, ಕ್ಯಾತಣ್ಣನ ಜೊತೆ ಕುರಿ ಮೇಯಿಸುತ್ತಿದ್ದ ಗೆಳೆಯ ರಾಜಣ್ಣ. ಕೋರ್ಟಿನಲ್ಲಿ ರಾಜಣ್ಣ ಕಂಡದ್ದನ್ನು ಕಂಡಂತೆ ಹೇಳಿದ. ಕ್ಯಾತಣ್ಣನ ವಕೀಲರು ಎದ್ದು ನಿಂತು, ಹೊಡೆದವನು ಈ ಸಾಕ್ಷಿಯೇ, ತಪ್ಪಿಸಿಕೊಳ್ಳಲು ಗೆಳೆಯನ ಮೇಲೆ ಹಾಕುತ್ತಿದ್ದಾನೆ ಎಂದರು. ನ್ಯಾಯಾಧೀಶರು ಕೇಳಿದಾಗ ಕ್ಯಾತಣ್ಣನೂ ಹೌದು ಸ್ವಾಮಿ ಎಂದ.

ಕೋರ್ಟು ಅದನ್ನು ನಂಬಲಿಲ್ಲ, ಅವನಿಗೆ ಜೀವಾವಧಿ ಆಯಿತು. ಆದರೆ ಹಟ್ಟಿಯ ಅರ್ಧ ಜನ ನಂಬಿದರು.

ಬಳ್ಳಾರಿ ಜೈಲಿನ ಅಡುಗೆಮನೆಯಲ್ಲಿ ಕ್ಯಾತಣ್ಣ ಒಂಬತ್ತು ವರ್ಷ ಚಪಾತಿ ಲಟ್ಟಿಸಿದ. ಹೆಂಡತಿ ಮೊದಲ ವರ್ಷವೇ ವೈ.ಎನ್.ಹೊಸಕೋಟೆ ಕಡೆಯ ತವರಿಗೆ ಹೋಗಿ, ಆಮೇಲೆ ಬೇರೆಯವರನ್ನು ಮದುವೆಯಾದಳು. ಅವನು ಅದಕ್ಕೆ ಯಾರನ್ನೂ ದೂರಲಿಲ್ಲ. ಮನಸ್ಸು ಕೆಟ್ಟಾಗ ಕಣ್ಣು ಮುಚ್ಚಿ ಬೆಟ್ಟ ಹತ್ತುತ್ತಿದ್ದ. ಬೆಟ್ಟದ ಮೈಯಲ್ಲಿ ಏಳು ದೊಣೆಗಳಿವೆ, ಮಳೆನೀರು ನಿಲ್ಲುವ ಬಂಡೆಯ ಕುಳಿಗಳು. ಯಾವ ದೊಣೆಯ ಪಕ್ಕ ಸೀತಾಫಲದ ಪೊದೆ, ಯಾವ ಸಂದಿಯಲ್ಲಿ ಕರಡಿ ಮಲಗುತ್ತದೆ, ಯಾವ ಬಂಡೆ ಬೆಳಗಿನ ಹೊತ್ತು ಜಾರುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಆದರೆ ಹಾಗೆ ಹತ್ತುವಾಗ ಪ್ರತಿ ಸಲ ಮುಂದೆ ಹೋಗುತ್ತಿದ್ದ ಬೆನ್ನು ರಾಜಣ್ಣನದು. ಅಲ್ಲಿಗೆ ಬಂದರೆ ಮುಂದಕ್ಕೆ ಹತ್ತಲಾಗುತ್ತಿರಲಿಲ್ಲ.

ಈಗ ಮೂವತ್ತು ದಿನದ ಪೆರೋಲ್ ಸಿಕ್ಕಿತ್ತು. ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಬೇಕು. ಠಾಣೆಯ ಸರಹದ್ದು ದಾಟಬಾರದು. ಯಾರ ಜೊತೆಗಾದರೂ ಜಗಳ ಎಂದು ಗೊತ್ತಾದರೆ ಅವತ್ತೇ ವಾಪಸ್ಸು.

ಕರಿಯಕ್ಕ ಬಾಗಿಲು ಹಾಕಿ, ಮುದ್ದೆ ಸಾರು ಬಡಿಸಿ ಎದುರು ಕೂತಳು. ಆಗ ಅವನ ಮುಖವನ್ನು ಸರಿಯಾಗಿ ನೋಡಿದಳು.

"ಪೆರೋಲ್ ಕೊಡಾಕೆ ಮುಂಚೆ ಪೊಲೀಸ್ನೋರು ಬಂದು ದಾಸಮ್ಮನ್ನ ಕೇಳಿದ್ರು, ನಿನ್ನದೇನಾದ್ರೂ ತಕರಾರು ಐತಾ ಅಂತ. ಬರ್ಲಿ ಅಂದ್ಳಂತೆ. ಅಷ್ಟೇ. ಯಾಕೆ ಅಂದ್ಳೋ ಯಾರಿಗೂ ತಿಳೀದು. ಅವಳ ಮೈದುನ ಚಿರಂಜೀವಿ ಅವತ್ತಿಂದ ಅತ್ತಿಗೆ ಕೂಡೆ ಮಾತು ಬಿಟ್ಟವ್ನೆ."

"ಅವನು ಏನಂತಾನೆ?"

"ಏನೂ ಅನ್ನಲ್ಲ. ಅದ್ಕೇ ನಂಗೆ ಭಯ."

ಚಿಕ್ಕರಂಗಯ್ಯ ಸತ್ತಾಗ ಅವನ ತಮ್ಮ ಚಿರಂಜೀವಿಗೆ ಇಪ್ಪತ್ತು ವರ್ಷ. ಈಗ ಗಟ್ಟಿಮುಟ್ಟಾದ ಆಳು. ಮಾರನೇ ಬೆಳಿಗ್ಗೆ ಕ್ಯಾತಣ್ಣ ಹಿತ್ತಿಲಿಗೆ ಬಂದಾಗ ಅವನು ಎದುರಿನ ಬದುವಿನ ಮೇಲೆ ಕೂತು ಮಚ್ಚಿನಿಂದ ಜಾಲಿಮುಳ್ಳು ಸವರುತ್ತಿದ್ದ. ಬೇಲಿಗೆ ಬೇಕಾದ ಮುಳ್ಳು ಆಗಲೇ ರಾಶಿ ಬಿದ್ದಿತ್ತು, ಆದರೂ ಸವರುತ್ತಲೇ ಇದ್ದ. ತಲೆ ಎತ್ತಿ ಒಮ್ಮೆ ನೋಡಿದ, ಮತ್ತೆ ಸವರಿದ. ಅದರ ಮಾರನೇ ದಿನವೂ ಬಂದ, ಮೂರನೇ ದಿನವೂ ಬಂದ. ಕ್ಯಾತಣ್ಣ ಒಳಗೆ ಕೂತರೂ ಮಚ್ಚು ಕಟ್ಟಿಗೆಗೆ ಬೀಳುವ ಸದ್ದು ಕೇಳುತ್ತಿತ್ತು. ಸದ್ದು ನಿಂತರೆ ಇನ್ನೂ ಕಷ್ಟ. ಕರಿಯಕ್ಕ ಕೈಯ ಕೆಲಸ ಬಿಟ್ಟು ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು.

ನಾಲ್ಕನೇ ದಿನ ಕ್ಯಾತಣ್ಣ ರಾಜಣ್ಣನ ಬಗ್ಗೆ ಕೇಳಿದ.

ಕರಿಯಕ್ಕ ಮೊರ ಪಕ್ಕಕ್ಕಿಟ್ಟು ಅವನ ಎದುರು ಕೂತಳು. ಆಮೇಲೆ ಒಂದೊಂದಾಗಿ ಹೇಳಿದಳು. ಕೋರ್ಟಿನ ಮಾತು ಕೇಳಿ ರಾಜಣ್ಣನಿಗೆ ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಹಿಂದೆ ಸರಿದರು. ಮೂರು ವರ್ಷದ ಹಿಂದೆ ಚಿರಂಜೀವಿ ಕುಡಿದು ಬಂದು, ನಮ್ಮಣ್ಣನ್ನ ಒಡ್ದೋನು ನೀನೇ ಏನ್ಲಾ ಎಂದು ಅವನನ್ನು ಬೀದಿಯಲ್ಲಿ ಕೆಡವಿ ಹೊಡೆದ. ರಾಜಣ್ಣನ ಬಲಗೈ ಮಣಿಕಟ್ಟು ಮುರಿಯಿತು, ಸೊಟ್ಟಗೆ ಕೂಡಿಕೊಂಡಿತು. ಅವನು ಕುರಿ ಮಾರಿ, ಮನೆಗೆ ಬೀಗ ಹಾಕಿ ಪಾವಗಡದ ಕಡೆಯ ರಾಯಚರ್ಲು ಸೇರಿದ. ಅಲ್ಲಿ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸ. ಹಬ್ಬಕ್ಕೂ ಬರುವುದಿಲ್ಲ.

ಕ್ಯಾತಣ್ಣ ಗೋಡೆಗೆ ಒರಗಿ ಕೂತ. ಇದ್ಯಾವುದೂ ಅವನಿಗೆ ಗೊತ್ತಿರಲಿಲ್ಲ. ಅಕ್ಕ ಜೈಲಿಗೆ ಬಂದಾಗ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

"ಹೇಳಬೇಕು. ಒಡ್ದೋನು ನಾನು ಅಂತ ಚಿರಂಜೀವಿಗೆ ಹೇಳಬೇಕು," ಎಂದ.

ಕರಿಯಕ್ಕ ಅವನ ತೋಳು ಹಿಡಿದಳು. ಅವಳ ಉಗುರು ನೆಟ್ಟಿತು.

"ಲೇ, ತಿಳ್ಕೊಂಡು ಮಾತಾಡು. ಕೋರ್ಟು ಹೇಳಿದ್ದು ಅವನ ಮನಸ್ಸಿಗೆ ಪೂರಾ ಇಳ್ದಿಲ್ಲ. ನೀನೋ ರಾಜಣ್ಣನೋ ಅಂತ ಇವತ್ತಿಗೂ ಅನುಮಾನ. ಆ ಅನುಮಾನನೇ ಕಣ್ಲಾ ನಿನ್ನ ಕಾಯ್ತಿರೋದು. ಇಲ್ದಿದ್ರೆ ಆ ಮಚ್ಚು ಬೇಲಿ ಮುಳ್ಳು ಸವರ್ತಾ ಕೂರ್ತಿತ್ತಾ?"

"ಅದೇ ಅನುಮಾನ ರಾಜಣ್ಣನ ಕೈ ಮುರೀತಲ್ಲಕ್ಕಾ."

"ಮುರಿದಿದ್ದು ಮುರೀತು. ನಂಗೆ ಇರೋನು ನೀನೊಬ್ಬ."

ಅವನು ಅಕ್ಕನ ಫೋನಿನಿಂದ ರಾಜಣ್ಣನಿಗೆ ಕರೆ ಮಾಡಿದ. ಆ ಕಡೆ ಗಾಳಿಯ ಸದ್ದು, ನೀರಿನ ಟ್ಯಾಂಕರಿನ ಸದ್ದು.

"ರಾಜಣ್ಣ. ನಾನು."

"ಗೊತ್ತಾಯ್ತು."

"ಒಂದ್ಸಲ ಬಾರೋ. ನಿನ್ ಕೂಡೆ ಮಾತಾಡಬೇಕು. ನಾನು ಆ ಕಡೆ ಬರಂಗಿಲ್ಲ, ಸರಹದ್ದು ದಾಟಂಗಿಲ್ಲ."

"ಬಂದು ಏನ್ ಕೇಳ್ಲಿ? ತಪ್ಪಾಯ್ತು ಅಂತೀಯ. ನನ್ ಒಬ್ಬನ ಕಿವೀಲಿ ಅಂತೀಯ. ಅವತ್ತು ನನ್ನ ಕೊಲೆಗಾರ ಅಂದಿದ್ದು ಎಲ್ಲರ ಮುಂದೆ." ರಾಜಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಫೋನ್ ಮಡಗು ಕ್ಯಾತ. ಕೆಲ್ಸ ಐತೆ."

ಎರಡು ದಿನ ಕ್ಯಾತಣ್ಣ ಸರಿಯಾಗಿ ಊಟ ಮಾಡಲಿಲ್ಲ. ಹಿತ್ತಿಲಿನಿಂದ ಬೆಟ್ಟ ಪೂರ್ತಿ ಕಾಣುತ್ತಿತ್ತು, ಬೆಟ್ಟಕ್ಕೂ ಅವನಿಗೂ ನಡುವೆ ಚಿರಂಜೀವಿ ಕೂತಿದ್ದ. ಶನಿವಾರ ಸಂಜೆ ಕರಿಯಕ್ಕ ಹಸುವಿನ ಹಾಲು ಕರೆದು ಡೈರಿಗೆ ಹೊರಟಾಗ ಅವನು ಕ್ಯಾನು ತೆಗೆದುಕೊಂಡ.

"ನಾನು ಹೋಗ್ತೀನಿ."

ಅವಳು ಬೇಡವೆಂದು ಬಾಗಿಲಿಗೆ ಅಡ್ಡ ನಿಂತಳು. ಅವನು ಕಾದು ನಿಂತ. ಕೊನೆಗೆ ಅವಳೇ ಸರಿದು ಅವನ ಹಿಂದೆ ಬಂದಳು.

ಡೈರಿಯ ಮುಂದೆ ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತಿದ್ದರು. ಹಟ್ಟಿಯ ಬಹುಪಾಲು ಮನೆಯವರು ಅಲ್ಲಿದ್ದರು. ಸಾಲಿನ ನಡುವೆ ಚಿರಂಜೀವಿ, ಕೈಯಲ್ಲಿ ಎರಡು ಕ್ಯಾನು. ಮಚ್ಚು ಇರಲಿಲ್ಲ. ಕ್ಯಾತಣ್ಣ ಬಂದದ್ದು ಕಂಡು ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಹಾಲು ಅಳೆಯುವವನ ಕೈ ನಿಂತಿತು.

ಕ್ಯಾತಣ್ಣ ಕ್ಯಾನು ಕೆಳಗಿಟ್ಟ. ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ.

"ಚಿಕ್ಕರಂಗಣ್ಣನ್ನ ಒಡ್ದೋನು ನಾನು. ಈ ಕೈಲಿ ಒಡ್ದೆ. ರಾಜಣ್ಣ ಮೂವತ್ತು ಮಾರು ದೂರದಲ್ಲಿದ್ದ, ಬ್ಯಾಡ ಬ್ಯಾಡ ಅಂತ ಕೂಗಿದ. ಕೋರ್ಟಲ್ಲಿ ನಾನು ಸುಳ್ಳು ಹೇಳ್ದೆ. ತಪ್ಪಿಸ್ಕೊಳ್ಳಾಕೆ ಹೇಳ್ದೆ. ರಾಜಣ್ಣಂದು ಏನೂ ತಪ್ಪಿಲ್ಲ."

ಚಿರಂಜೀವಿ ಎರಡೂ ಕ್ಯಾನುಗಳನ್ನು ನಿಧಾನವಾಗಿ ನೆಲಕ್ಕಿಟ್ಟ. ಹಾಲು ತುಳುಕಲಿಲ್ಲ. ನಡೆದು ಬಂದು ಕ್ಯಾತಣ್ಣನ ಮುಂದೆ ನಿಂತ.

"ಇನ್ನೊಂದ್ಸಲ ಹೇಳು."

"ನಾನು ಒಡ್ದೆ."

ಮೊದಲ ಏಟಿಗೆ ಕ್ಯಾತಣ್ಣ ಡೈರಿಯ ಗೋಡೆಗೆ ಬಿದ್ದ. ಎರಡನೆಯದಕ್ಕೆ ತುಟಿ ಸೀಳಿತು. ಅವನು ಕೈ ಎತ್ತಲಿಲ್ಲ, ಮುಖ ಮುಚ್ಚಿಕೊಳ್ಳಲೂ ಇಲ್ಲ. ಕರಿಯಕ್ಕ ನುಗ್ಗಿದಳು, ಯಾರೋ ಅವಳನ್ನು ಹಿಡಿದುಕೊಂಡರು. ಚಿರಂಜೀವಿಯ ಎರಡೂ ಕೈ ಕ್ಯಾತಣ್ಣನ ಕುತ್ತಿಗೆಯ ಸುತ್ತ ಬಿಗಿಯಾದವು. ಸುತ್ತ ನಿಂತವರು ನೋಡುತ್ತಿದ್ದರು, ಒಬ್ಬರೂ ಮುಂದೆ ಬರಲಿಲ್ಲ. ಕ್ಯಾತಣ್ಣನ ಕಣ್ಣು ಕತ್ತಲಿಟ್ಟಿತು. ಅಷ್ಟು ಹೊತ್ತಿಗೆ ಒಂದು ದನಿ ಕೇಳಿತು.

"ಬುಡು ಅವನ್ನ."

ದಾಸಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಅವಳು ಅವಸರ ಮಾಡದೆ ನಡೆದು ಬಂದು ಮೈದುನನ ಪಕ್ಕ ನಿಂತಳು.

"ಬುಡು ಅಂದೆ. ನಿಮ್ಮಣ್ಣ ಆಸ್ಪತ್ರೆ ದಾರೀಲಿ ನನ್ ತೊಡೆ ಮ್ಯಾಲೆ ತಲೆ ಇಟ್ಟು, ಕ್ಯಾತ ಒಡ್ದ ಅಂತ ಹೇಳಿ ಸತ್ತ. ಅದನ್ನ ನಿಂಗೆ ಎಷ್ಟು ಸಲ ಹೇಳ್ದೆ? ನನ್ ಮಾತು ನಿನ್ನ ಕಿವಿಗೆ ಹೋಗ್ಲಿಲ್ಲ. ಹೆಂಗಸು, ದುಃಖದಾಗೆ ಏನೇನೋ ಅಂತಾಳೆ ಅಂದ್ರಿ ಎಲ್ಲಾ. ಹೋಗಿ ಆ ರಾಜಣ್ಣನ ಕೈ ಮುರ್ದೆ. ನಿಜ ಇವನ ಬಾಯಿಂದನೇ ಬರ್ಲಿ ಅಂತ ನಾನು ಪೊಲೀಸ್ನೋರಿಗೆ ತಕರಾರಿಲ್ಲ ಅಂದಿದ್ದು. ಇವನು ಹೇಳ್ದಿದ್ರೆ ಹೋಗೋ ಮುಂಚೆ ನಾನೇ ನಿಲ್ಲಿಸಿ ಕೇಳ್ತಿದ್ದೆ."

ಚಿರಂಜೀವಿಯ ಕೈ ಸಡಿಲವಾಯಿತು. ಅವನು ಎರಡು ಹೆಜ್ಜೆ ಹಿಂದೆ ಹೋಗಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ತನ್ನ ಅಂಗೈಗಳನ್ನು ನೋಡಿಕೊಂಡ.

ದಾಸಮ್ಮ ಕ್ಯಾತಣ್ಣನ ಕಡೆ ತಿರುಗಿದಳು. ಅವನು ಗೋಡೆ ಹಿಡಿದು ಏಳಲು ನೋಡುತ್ತಿದ್ದ, ಕೈ ಮುಗಿಯಲು ಹೋದ.

"ಕೈ ಮುಗೀಬ್ಯಾಡ. ನಾನು ನಿನ್ನ ಕ್ಷಮಿಸಿಲ್ಲ. ನಮ್ ಬೀದಿಗೆ ಬರಬ್ಯಾಡ, ನನ್ ಎದುರಿಗೆ ಬೀಳಬ್ಯಾಡ. ಇರೋ ದಿನ ಇದ್ದು ಹೋಗು."

ಅವಳು ತನ್ನ ಕ್ಯಾನು ಎತ್ತಿಕೊಂಡು ಮತ್ತೆ ಸಾಲಿನಲ್ಲಿ ನಿಂತಳು. ಹಾಲು ಅಳೆಯುವವನು ಕೆಲಸ ಶುರುಮಾಡಿದ.

ಸೋಮವಾರ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಪುಸ್ತಕ ಮುಂದಿಟ್ಟು, ಕ್ಯಾತಣ್ಣನ ಊದಿದ ಮುಖವನ್ನು, ಕುತ್ತಿಗೆಯ ಮೇಲಿನ ನೀಲಿ ಗುರುತನ್ನು ನೋಡಿದರು.

"ಇದೇನಯ್ಯಾ?"

"ಹಸು ಒದೀತು ಸಾರ್."

"ಕುತ್ತಿಗೆಗೂ ಒದೀತಾ?"

ಕ್ಯಾತಣ್ಣ ಅಂಗಿಯ ಕಾಲರನ್ನು ಮೇಲಕ್ಕೆ ಎಳೆದುಕೊಂಡ. ಅವರು ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಒಂದಷ್ಟು ಹೊತ್ತು ಕೂತರು. ಬಾಗಿಲ ಬಳಿ ಕರಿಯಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕೊನೆಗೆ ಅವರು ಪೆನ್ನನ್ನು ಅವನ ಕಡೆ ತಳ್ಳಿದರು. "ಹಾಕು ಸಹಿ. ಹಸು ಹತ್ರ ಹೋಗಬ್ಯಾಡ ಇನ್ನು."

ಆ ವಾರ ಬದುವಿನ ಮೇಲೆ ಯಾರೂ ಬಂದು ಕೂರಲಿಲ್ಲ. ಕರಿಯಕ್ಕ ಮಾತ್ರ ಬಾಗಿಲ ಸಂದಿ ಬಿಡಲಿಲ್ಲ. ಗೇಟಿನಲ್ಲಿ ಸಿಕ್ಕವನೊಬ್ಬ ಅವಳಿಗೆ ಹೇಳಿದ: ಚಿರಂಜೀವಿ ಗುರುವಾರದ ಮೊದಲ ಬಸ್ಸಿಗೆ ಪಾವಗಡದ ಕಡೆ ಹೋದ, ಕುಡಿದಿರಲಿಲ್ಲ. ಅವಳು ಗಾಬರಿಯಿಂದ ರಾಜಣ್ಣನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಸಂಜೆಯವರೆಗೂ ಎತ್ತಲಿಲ್ಲ. ಅಕ್ಕ ತಮ್ಮ ಇಬ್ಬರೂ ಫೋನನ್ನು ನಡುವೆ ಇಟ್ಟುಕೊಂಡು ಕೂತಿದ್ದರು.

ಉತ್ತರ ಬಂದದ್ದು ಭಾನುವಾರ, ರಾಜಣ್ಣನೇ ಬಂದಾಗ. ತಲೆಗೂದಲು ಅರ್ಧ ಬೆಳ್ಳಗಾಗಿತ್ತು, ಸೋಲಾರ್ ಬಿಸಿಲಿಗೆ ಮುಖ ಸುಟ್ಟು ಕಪ್ಪಾಗಿತ್ತು. ನಡುಬೀದಿಯಲ್ಲೇ ನಡೆದುಕೊಂಡು ಬಂದ. ಕ್ಯಾತಣ್ಣ ಹಿತ್ತಿಲಿನ ಕಲ್ಲಿನ ಮೇಲಿಂದ ಎದ್ದು ನಿಂತ.

"ಚಿರಂಜೀವಿ ಬಂದಿದ್ದ," ಎಂದ ರಾಜಣ್ಣ. "ಸೋಲಾರ್ ಪಾರ್ಕಿನ ಗೇಟತ್ರ ನಿಂತಿದ್ದ. ಒಡಿಯಾಕೆ ಬಂದವ್ನೆ ಅಂತ ನಾನು ಒಳಗೇ ಇದ್ದೆ, ಆಮೇಲೆ ಕೆಲ್ಸದೋರು ನಾಲ್ಕು ಜನರ ಜೊತೆ ಆಚೆ ಬಂದೆ. ಅವನು ನನ್ ಕೈ ತೋರ್ಸು ಅಂದ. ತೋರಿಸ್ದೆ. ನೋಡಿ ಅತ್ತ."

"ರಾಜಣ್ಣ, ನಾನು..."

"ಕೇಳ್ದೆ. ಎಲ್ಲರ ಮುಂದೆ ಅಂದ್ಯಂತೆ." ಅವನು ಕಲ್ಲಿನ ಇನ್ನೊಂದು ತುದಿಯಲ್ಲಿ ಕೂತ. "ಸಿಟ್ಟು ಹೋಗಿಲ್ಲ ಕಣ್ಲಾ. ಹೋಗ್ತದೋ ಇಲ್ವೋ ಗೊತ್ತಿಲ್ಲ. ಹಟ್ಟೀಲಿ ಇದ್ದಷ್ಟು ದಿನ ತಲೆ ಎತ್ತಿ ನಡೀಲಿಲ್ಲ ನಾನು. ನೀನಾದ್ರೂ ಜೈಲಲ್ಲಿ ಇದ್ದೆ."

ಕ್ಯಾತಣ್ಣ ತಲೆಯಾಡಿಸಿದ. ಎದುರಿಗೆ ಬೆಟ್ಟ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಕಡೆ ಕೈ ತೋರಿಸಿ, ಹತ್ತೋಣವಾ ಎಂದು ಕೇಳಿದ.

"ಈ ಕೈಲಿ ಬಂಡೆ ಹಿಡಿಯಾಕೆ ಆಗಲ್ಲ," ಎಂದ ರಾಜಣ್ಣ.

ಕರಿಯಕ್ಕ ಎರಡು ಲೋಟ ಕಾಫಿ ತಂದಿಟ್ಟಳು. ರಾಜಣ್ಣ ಎಡಗೈಯಲ್ಲಿ ಲೋಟ ಎತ್ತಿಕೊಂಡ. ಮಧ್ಯಾಹ್ನದವರೆಗೂ ಇದ್ದ, ಊಟಕ್ಕೆ ನಿಲ್ಲಲಿಲ್ಲ. ಹೋಗುವಾಗ ಬೀಗ ಹಾಕಿದ್ದ ತನ್ನ ಮನೆಯ ಸುತ್ತ ಒಂದು ಸುತ್ತು ಬಂದು, ಜಾರಿ ಬಿದ್ದಿದ್ದ ಹೆಂಚುಗಳನ್ನು ನೋಡಿ ಹೋದ.

ಮೂವತ್ತನೇ ದಿನ ಕ್ಯಾತಣ್ಣ ಮಧ್ಯಾಹ್ನದ ಮೊದಲೇ ಬಳ್ಳಾರಿ ಜೈಲಿಗೆ ವಾಪಸ್ಸಾದ. ಜೈಲಿನಿಂದ ವಾರಕ್ಕೊಮ್ಮೆ ಅಕ್ಕನಿಗೆ ಫೋನ್ ಮಾಡುತ್ತಾನೆ. ಯುಗಾದಿ ಕಳೆದ ಮೇಲಿನ ವಾರ ಅವಳು ಹೇಳಿದಳು, ರಾಜಣ್ಣ ರಾಯಚರ್ಲಿನ ಕೆಲಸ ಬಿಟ್ಟು ಬಂದಿದ್ದಾನೆ, ಹೆಂಚು ಹೊದಿಸುತ್ತಿದ್ದಾನೆ, ಕೆಳಗಿನಿಂದ ಹೆಂಚು ಕೊಡುತ್ತಿರುವವನು ಚಿರಂಜೀವಿ.

"ದಾಸಮ್ಮ?" ಎಂದು ಕೇಳಿದ ಕ್ಯಾತಣ್ಣ.

"ಅವಳು ನಿನ್ನ ಹೆಸರು ಎತ್ತಲ್ಲ. ಮೊನ್ನೆ ಡೈರಿಲಿ ನನ್ ಪಕ್ಕ ನಿಂತಿದ್ಲು. ಹಸು ಹೆಂಗೈತೆ ಅಂದ್ಳು. ಚೆನ್ನಾಗೈತೆ ಕಣಮ್ಮ ಅಂದೆ. ಅಷ್ಟೇ ಮಾತು."