ಫೋನ್ ಬಿಟ್ಟು ಬಾಗಿಲಿಗೇ ಬಂದ ಸಿಸ್ಟರ್

ಗಾಜಿನ ಸ್ಲೈಡು ಒಡೆಯಬಹುದಿತ್ತು. ಅದರ ಮೇಲೆ ಬೇರೆ ಯಾರದೋ ಹೆಸರು ಬೀಳಬಹುದಿತ್ತು. ಗರ್ಭಕಂಠದ ಕೋಶಗಳ ಚಿತ್ರ ನೋಡಿ ಕ್ಯಾನ್ಸರಿನ ಸುಳಿವು ಹಿಡಿಯಲು ಕಲಿತ ಕಂಪ್ಯೂಟರು ನನ್ನ ಸರದಿಯಲ್ಲೇ ತೂಕಡಿಸಬಹುದಿತ್ತು. ಕಳವಾ ಸ್ಟೇಷನ್ ಹತ್ತಿರದ ತಪಾಸಣಾ ಶಿಬಿರದಲ್ಲಿ ಮಲಗಿಕೊಂಡೇ ಇಷ್ಟನ್ನೂ ಸಿಸ್ಟರಿಗೆ ಒಪ್ಪಿಸಿದೆ.

ಸಿಸ್ಟರ್ ವಿಜಯಪುರದ ಕಡೆಯವಳು. ಉಪಕರಣವನ್ನು ಬಿಸಿನೀರಲ್ಲಿ ಅದ್ದಿ ತಣ್ಣಗಿಲ್ಲವೆಂದು ಖಾತ್ರಿಮಾಡಿಕೊಂಡು, "ಉಸುರು ಬಿಡ್ರಿ ಅಕ್ಕಾರ" ಎಂದಳು. ಕೋಶಗಳನ್ನು ಸವರಿದ ಸ್ಲೈಡಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ನನ್ನ ಹೆಸರು ಬರೆದು ಎರಡು ಸಲ ಗಟ್ಟಿಯಾಗಿ ಓದಿದಳು.

"ಕಂಪ್ಯೂಟರ್ ಬರೇ ಬೊಟ್ಟು ಮಾಡಿ ತೋರಸ್ತದರಿ, ಕಡೀಗೆ ಡಾಕ್ಟರೇ ನೋಡ್ತಾರ. ಉಸುರು ಬಿಡ್ರಿ."

ಹತ್ತು ದಿನಗಳ ನಂತರ ಅದೇ ಸಿಸ್ಟರ್ ಸಾನಪಾಡಾದ ನಮ್ಮ ಮನೆ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು.

"ಒಂದಿಷ್ಟು ಕೋಶ ಬದಲಾಗ್ಯಾವಂತ ಕಂಪ್ಯೂಟರ್ ತೋರಿಸ್ತು, ಡಾಕ್ಟರೂ ಹೌದಂದ್ರು. ಇನ್ನೊಂದು ಟೆಸ್ಟ್ ಮಾಡಸಬೇಕು. ಲಗೂನ ಸಿಕ್ಕದ, ಹೆದರಬ್ಯಾಡ್ರಿ. ಆದ್ರ ಅಕ್ಕಾರ, ನಿಮ್ಮ ಫೋನಿಗೆ ಏನಾಗ್ಯದ?"

ಟೆಸ್ಟಾಯಿತು. ಕ್ಯಾನ್ಸರ್ ಆಗುವ ಮೊದಲೇ ಚಿಕಿತ್ಸೆಯೂ ಆಯಿತು. ಸ್ಲೈಡು, ಹೆಸರು, ಕಂಪ್ಯೂಟರು ಯಾವುದೂ ಕೈಕೊಟ್ಟಿರಲಿಲ್ಲ. ಗುರುತಿಲ್ಲದ ನಂಬರಿನಿಂದ ಬಂದ ಅವಳ ಆರು ಕರೆಗಳನ್ನು, ಕೆಟ್ಟ ಸುದ್ದಿಯಿದ್ದೀತೆಂದು ಹೆದರಿ, ನಾನೇ ಎತ್ತಿರಲಿಲ್ಲ.