ಚಾಚಾ ಮುಟ್ಟದ ತಂಬಿಗೆ

ಆ ವರ್ಷವೂ ಮಳೆ ಕೈಕೊಟ್ಟು ಗಾಂಧಿ ಗಂಜ್ ಮಾರುಕಟ್ಟೆಗೆ ತೊಗರಿ ಬರಲಿಲ್ಲ. ಹಮಾಲರು ಕೂಲಿ ಹುಡುಕಿ ಹೈದರಾಬಾದಿನ ಬಸ್ಸು ಹತ್ತಿದರು. ಖಾಲಿ ಬಿದ್ದ ಗೋದಾಮಿನಲ್ಲಿ ವ್ಯಾಯಾಮ ಶಿಕ್ಷಕ ಮಚ್ಛೇಂದ್ರ ಸರ್ ಇಪ್ಪತ್ತು ಅಡಿ ಎತ್ತರದ ಹಲಗೆ ಗೋಡೆ ನಿಲ್ಲಿಸಿ, ಬಣ್ಣದ ಹಿಡಿಗಳನ್ನು ಜಡಿದು, ಕೂತು ಕೂತೇ ದಪ್ಪಗಾದ ನಮ್ಮಂಥವರಿಗೆ ಹತ್ತಲು ಕಲಿಸತೊಡಗಿದರು. ನಾನು ಆನ್‌ಲೈನ್ ಅಂಗಡಿಯಲ್ಲಿ ದಿನವಿಡೀ ಕೂತು ಮಂದಿಯ ಅರ್ಜಿ ತುಂಬುವವಳು. ನಾಲ್ಕು ಮೆಟ್ಟಿಲಿಗೇ ಏದುಸಿರು. ಇಪ್ಪತ್ನಾಲ್ಕಕ್ಕೇ ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ, ಮೈ ಬಗ್ಗಿಸದಿದ್ದರೆ ಒಳಗೇ ಬರುತ್ತದೆ ಎಂದು ಡಾಕ್ಟರು ಬೈದಿದ್ದರು.

ಹತ್ತುವವರು ಬೀಳದಂತೆ ಅವರ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಕೆಳಗೆ ನಿಂತು ಹಿಡಿಯುತ್ತಿದ್ದವರು ಗುಲಾಮ ರಸೂಲ ಚಾಚಾ. ಅರವತ್ತರ ಒಣಕಲು ದೇಹ, ಮೆಹಂದಿ ಹಚ್ಚಿದ ಗಡ್ಡ, ಆ ಗಡ್ಡದ ಬಗ್ಗೆ ಇಲ್ಲದ ಜಂಬ. ಮೊದಲು ಬಾವಿಯ ಹೂಳೆತ್ತುವ ತಂಡದಲ್ಲಿದ್ದು, ಆಳುಗಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಇಳಿದವನು ಮೇಲೆ ಬರುವ ತನಕ ಹಗ್ಗ ಹಿಡಿದವನು ನೀರು ಕುಡಿಯುವಂತಿಲ್ಲ ಎಂಬುದು ಆ ತಂಡದ ಕಟ್ಟಳೆ. ಇಲ್ಲೂ ಅದನ್ನೇ ಪಾಲಿಸುವ ಹಟಮಾರಿ. ಸರ್ ನಗುತ್ತಿದ್ದರು, ನನಗೆ ಆ ಹಟ ಕಂಡು ಸಿಟ್ಟು ಬರುತ್ತಿತ್ತು.

ಎರಡು ತಿಂಗಳಾದರೂ ನಾನು ಅರ್ಧ ಗೋಡೆ ದಾಟಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಅಲ್ಲೇ ಮೇಲೆ ಹೋಗಲಾರದೆ ಗೋಡೆಗೆ ಅಂಟಿಕೊಂಡೆ.

“ಚಾಚಾ, ಇಳಸ್ರಿ!”

“ಇಳಸ್ತೇನಿ ಬೇಟಿ. ಒಮ್ಮಿ ಕಾಲ ಮ್ಯಾಲ ಭಾರ ಹಾಕಿ ನಿಂದರು. ಬರೇ ಕೈಲೆ ಯಾಕ ಜಗ್ಗತಿ?”

ಕೆಳಗೆ ನೋಡಿದೆ. ಗೋದಾಮಿನ ತಗಡಿನ ಛಾವಣಿಯ ಕಾವಿಗೆ ಅವರ ತುಟಿ ಒಣಗಿ ಬಿಳಿಯಾಗಿತ್ತು. ಪಕ್ಕದಲ್ಲೇ ತುಂಬಿದ ತಂಬಿಗೆ. ಅವರ ಕಣ್ಣು ಮಾತ್ರ ನನ್ನ ಮೇಲೆ. ಈ ಮನುಷ್ಯ ನನ್ನನ್ನು ಬೀಳಗೊಡುವುದಿಲ್ಲ ಎಂದು ಅವತ್ತು ಖಾತ್ರಿಯಾಯಿತು. ಕಾಲ ಮೇಲೆ ನಿಂತೆ. ಇನ್ನೊಂದು ಹಿಡಿ, ಮತ್ತೊಂದು. ಗೋಡೆಯ ತುದಿಗೆ ಕಟ್ಟಿದ್ದ ಗಂಟೆ ಬಾರಿಸಿದಾಗ ಜೋರಾಗಿ ಅತ್ತುಬಿಟ್ಟೆ.

ನಾನಿಳಿದ ಮೇಲೆ ಚಾಚಾ ಗಟಗಟನೆ ಅರ್ಧ ತಂಬಿಗೆ ಕುಡಿದರು.

“ನೀವೂ ಒಮ್ಮಿ ಏರ್ರಿ ಚಾಚಾ,” ಎಂದು ಕಾಡಿದೆ.

“ನಲವತ್ತು ವರ್ಷ ಮಂದೀಗಿ ಹಗ್ಗ ಹಿಡದೀನಿ. ನನಗ ಯಾರ ಹಿಡೀತಾರ ಬೇಟಿ?”

“ನಾ ಹಿಡೀತೇನ್ರಿ.”

ಚಾಚಾ ಗಡ್ಡ ನೀವಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು ಸೊಂಟಕ್ಕೆ ಪಟ್ಟಿ ಕಟ್ಟಿಸಿಕೊಂಡರು. ಸರ್ ಗಂಟು ನೋಡಿ, ಹಗ್ಗವನ್ನು ನನ್ನ ಕೈಗಿಟ್ಟು ಪಕ್ಕ ನಿಂತರು. ಅರ್ಧ ಗೋಡೆಯಲ್ಲಿ ಚಾಚಾ ಕೂಡ ನನ್ನಂತೆಯೇ ಗೋಡೆಗೆ ಅಂಟಿಕೊಂಡರು. ನಗು ಬಂತು, ತಡೆದುಕೊಂಡೆ.

ಅತ್ತತ್ತು ನನ್ನ ಗಂಟಲು ಒಣಗಿತ್ತು. ಉಳಿದರ್ಧ ತಂಬಿಗೆ ನೀರು ಕಾಲ ಬಳಿಯೇ ಇತ್ತು. ಅವರು ಕೆಳಗೆ ಬರುವ ತನಕ ನಾನದನ್ನು ಮುಟ್ಟಲಿಲ್ಲ.